ಬುಟ್ಟಿಗೆ ಸಿಗದ ಹಣ್ಣು

“ಇದೇನ್ರಿ ಮೇಷ್ಟ್ರೇ, ಕೈ ಇಡೋಷ್ಟ್ರಲ್ಲೇ ಮುಗ್ದೋಯ್ತಲ್ಲ!” ಸಂಸ್ಥೆಯ ಮುಖ್ಯಸ್ಥರು ತಮ್ಮ ಹೊಸ ಲ್ಯಾಪ್‌ಟಾಪಿನಿಂದ ಮುಖ ಎತ್ತಿದರು.

ಪರದೆಯ ಮೇಲೆ ಹಣ್ಣೊಂದು ಸೊಯ್ಯನೆ ಬಿದ್ದು, ಬುಟ್ಟಿ ಅಲುಗುವ ಮೊದಲೇ ನೆಲ ಸೇರಿತ್ತು. ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಕಥೆ.

ಮೇಷ್ಟ್ರ ಬೆನ್ನ ಹಿಂದೆ ಒಂಬತ್ತು ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ನಿಂತಿದ್ದರು. ಬೀಳುವ ಹಣ್ಣನ್ನು ಬುಟ್ಟಿಯಲ್ಲಿ ಹಿಡಿಯುವ, ಬ್ರೌಸರಿನಲ್ಲಿ ಆಡುವ ಈ ಪುಟ್ಟ ಆಟವನ್ನು ಅವರು ನಾಲ್ಕು ತಿಂಗಳಿಂದ ಪ್ರೋಗ್ರಾಮಿನ ಸಾಲು ಸಾಲಾಗಿ ಬರೆದು ಕಟ್ಟಿದ್ದರು. ಇದು ಮುಖ್ಯಸ್ಥರಿಗೆ ಹಿಡಿಸಿದರೆ ಮೇಷ್ಟ್ರ ಕಂಪ್ಯೂಟರ್ ತರಗತಿ ಇನ್ನೊಂದು ವರ್ಷ ಉಳಿಯುತ್ತದೆ, ಇಲ್ಲವಾದರೆ ಇವತ್ತಿಗೇ ಕೊನೆ.

“ನಮ್ ಮಿಷನ್ನಲ್ಲಿ ಚೆನ್ನಾಗೇ ಆಡ್ತಿತ್ತು ಸಾರ್, ದೇವರಾಣೆ!” ಎಂದಳು ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಕಲಿಯಲು ಬಂದಿದ್ದ ಹುಡುಗಿ.

“ಆಡೋರ ಮನೇಗೆಲ್ಲ ನಿಮ್ ಮಿಷನ್ನೇ ಹೊತ್ಕೊಂಡು ಹೋಗ್ತೀಯೇನಮ್ಮ?”

ಮೇಷ್ಟ್ರಿಗೆ ಅರ್ಥವಾಗಿಹೋಯಿತು. ಪರದೆಯ ಚಿತ್ರ ಹೊಸದಾಗಿ ಒಮ್ಮೆ ಮಿನುಗಿದರೆ ಹಣ್ಣು ಎಂಟು ಚುಕ್ಕೆ ಇಳಿಯಲಿ ಎಂದು ಬರೆಸಿದವರು ಅವರೇ. ತರಗತಿಯ ಮುದಿ ಕಂಪ್ಯೂಟರುಗಳು ಏದುಸಿರು ಬಿಡುತ್ತ ಮಿನುಗುತ್ತಿದ್ದವು. ಅಲ್ಲಿ ಹಣ್ಣು ಎಲೆಯ ಹಾಗೆ ತೇಲಿ ಬರುತ್ತಿತ್ತು. ಈ ಹೊಸದು ಅದರ ಹತ್ತರಷ್ಟು ಬೇಗ ಮಿನುಗುತ್ತದೆ. ಮಿನುಗನ್ನು ಎಣಿಸದೆ ಗಡಿಯಾರವನ್ನು ನೋಡಿ ಹಣ್ಣು ಇಳಿಸು ಎಂದು ಬರೆಸಬೇಕಿತ್ತು. ದೇವರು ಎಲ್ಲ ಯಂತ್ರಕ್ಕೂ ಒಂದೇ ಕಾಲವನ್ನು ಕೊಟ್ಟಿದ್ದಾನೆ. ಅದನ್ನು ಅವರು ಮರೆತಿದ್ದರು.

“ಒಂದೇ ಸಾಲು ಸಾರ್. ಎರಡು ನಿಮಿಷ ಕೊಡಿ.”

“ನಾಲ್ಕು ತಿಂಗಳು ಕೊಟ್ಟಿದ್ದೆನಲ್ರೀ.” ಮುಖ್ಯಸ್ಥರ ದನಿಯಲ್ಲಿ ಸಿಟ್ಟಿರಲಿಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದರು. “ಆ ಕೋಣೆ ಬೇರೆಯವರಿಗೆ ಬೇಕಾಗಿದೆ. ಇವರಿಗೆ ನೀವೇ ಹೇಳ್ಬಿಡಿ.”

ಹೇಳುವುದೇನಿತ್ತು, ಎಲ್ಲರೂ ಅಲ್ಲೇ ನಿಂತಿದ್ದರು.

ತರಗತಿಗೆ ಮರಳಿದ ಮೇಲೆ ಹುಡುಗಿ ಕೇಳಿದಳು, “ತಪ್ಪು ನಮ್ದಾ ಸಾರ್?”

“ಇಲ್ಲ ಕಣಮ್ಮ. ನಾನು ಹೇಳ್ಕೊಟ್ಟಿದ್ದನ್ನ ಚಾಚೂ ತಪ್ಪದೆ ಮಾಡಿದ್ರಿ.” ಆಮೇಲೆ ಅವರೇ ಕೇಳಿದರು, “ಅಂಗಡೀಲಿ ಮತ್ತೆ ಸೇರಿಸ್ಕೋತಾರಾ?”

“ಆ ಜಾಗಕ್ಕೆ ಆಗ್ಲೇ ಬೇರೆಯವ್ರು ಬಂದಾಯ್ತು ಸಾರ್.”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ, ಬರೆಯಿಸಬೇಕಾಗಿದ್ದ ಆ ಒಂದು ಸಾಲನ್ನು ದುಂಡಗೆ, ನಿಧಾನವಾಗಿ ಬರೆದರು. ಅಷ್ಟರಲ್ಲಿ ಜವಾನ ಬಂದು ಹಿಂದಿನ ಸಾಲಿನಿಂದ ವೈರು ಕಳಚತೊಡಗಿದ್ದ. ಯಾರೂ ಹೇಳದಿದ್ದರೂ ಒಂಬತ್ತು ಜನ ನೋಟ್‌ಬುಕ್ ಬಿಡಿಸಿ, ತಲೆ ತಗ್ಗಿಸಿ, ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರುಗಳ ಗುಂಯ್‌ಗುಡುವಿಕೆ ಒಂದೊಂದಾಗಿ ನಿಂತು, ಕೊನೆಗೆ ಪೆನ್ನುಗಳ ಸದ್ದಷ್ಟೇ ಉಳಿಯಿತು.