ಏಳನೇ ಗಂಟು

ಜಟ್ಟಿ ಎರಡು ಬಿದಿರಿನ ಗಣೆಗಳಿಗೆ ಅಡ್ಡಪಟ್ಟಿ ಕಟ್ಟುತ್ತಿದ್ದಾಗ ವಸಂತಿ ಅಂಗಳಕ್ಕೆ ಬಂದಳು. ಕುಮಟೆಯ ಬಸ್ಸಿಳಿದು, ಉಪ್ಪುನೀರಿನ ಗಜನಿ ಗದ್ದೆಯ ದಂಡೆ ಹಿಡಿದು ಹೊಳೆದಂಡೆಯ ಅಘನಾಶಿನಿಯವರೆಗೆ ನಡೆದಿದ್ದಳು. ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಬಂಗಾರಿಯನ್ನು ಒಂದು ಮಾತು ಕೇಳುವುದಿತ್ತು. ಬಂಗಾರಿ ಚಾಪೆಯ ಮೇಲೆ ಮಲಗಿದ್ದಳು. ಮೂಗಿಗೆ ಹತ್ತಿ ಇಟ್ಟಿದ್ದರು.

"ನಿನ್ನೆ ಸಂಜಿಗೆ ಎದೆ ಹಿಡೀತದೆ ಅಂದ್ಳು. ಬೆಳಗಾಗುದ್ರೊಳಗೆ ಎಲ್ಲ ಆಗೋತು," ಎಂದಳು ಪಕ್ಕದ ಮನೆಯ ಸೋಮಿ. "ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾ ಸುಮ್ನೆ ಬಂದೆ."

"ಭಟ್ಟರ ಮನೆ ಕೂಸು ಸಾವಿನ ಮನೆಗೆ ಬಂತು. ಹೋಗಿ ಮೂರು ಸಲ ಮೀಯ್ಬೇಕು ನೋಡು."

"ಬಳಚು ಮುಟ್ಟಿದ ದಿನಾನೂ ಮೀಯಿಸ್ತಾರೆ," ಎಂದಳು ವಸಂತಿ. ಸೋಮಿ ಸಾವಿನ ಮನೆ ಎನ್ನುವುದನ್ನೂ ಮರೆತು ನಕ್ಕಳು.

ವಸಂತಿ ತುಳಸಿಕಟ್ಟೆಯ ಬದಿಗೆ ಕೂತಳು. ಧಾರವಾಡದ ಪ್ರಾಧ್ಯಾಪಕರ ಮಾತು ಕಿವಿಯಲ್ಲೇ ಇತ್ತು. "ಇನ್ನೂರು ಬಳಚು, ಮೊದಲ ತಿಂಗಳು ಏಳು ಸತ್ತವು, ಆಮೇಲೆ ಹನ್ನೊಂದು ತಿಂಗಳು ಒಂದೂ ಸತ್ತಿಲ್ಲ. ಮಳೆಗಾಲದಲ್ಲೂ ಇಲ್ಲ. ಇದು ಹೊಳೆಯ ದಂಡೆಯಲ್ಲಿ ಬರೆದದ್ದಲ್ಲ, ಮನೆಯಲ್ಲಿ ಕೂತು ಬರೆದದ್ದು. ಸೋಮವಾರದೊಳಗೆ ಉತ್ತರ ತಾ. ಇಲ್ಲದಿದ್ದರೆ ಈ ಪ್ರಬಂಧಕ್ಕೆ ನಾನು ಸಹಿ ಹಾಕುವುದಿಲ್ಲ." ಅನುಮಾನ ಅವಳಿಗೇ ಬರಬೇಕಿತ್ತು. ಬರಲಿಲ್ಲ. ಒಂದೂ ಸಾಯಲಿಲ್ಲವೆಂದು ಖುಷಿಪಟ್ಟು ಬರೆದುಕೊಂಡಿದ್ದಳು.

*

ಹಿಂದಿನ ವರ್ಷ, ಸಾವಿರದ ಒಂಬೈನೂರ ಅರವತ್ತೊಂದರ ಕಾರ್ತಿಕ ಅಮಾವಾಸ್ಯೆಗೆ, ಇಳಿತದ ಹೊತ್ತಿನಲ್ಲಿ, ವಸಂತಿ, ಬಂಗಾರಿ ಇಬ್ಬರೂ ಹೊಳೆಯಲ್ಲಿ ನಾಲ್ಕು ಗೂಟ ಹುಗಿದು, ಇನ್ನೂರು ಬಳಚಿಗೆ ಕುಂಚದಿಂದ ಕೆಂಪು ಬಣ್ಣದ ಚುಕ್ಕಿ ಇಟ್ಟು ಹೂಳಿದ್ದರು. ಅಂಗಾಲಿನಲ್ಲೇ ಬಳಚು ಹುಡುಕುವ ಬಂಗಾರಿಗೆ ಅದೆಲ್ಲ ತಮಾಷೆ.

"ತಿನ್ನುದಿಲ್ಲ, ಮಾರುದಿಲ್ಲ. ಬೊಟ್ಟಿಟ್ಟು ಮತ್ತೆ ಹುಗೀತೆ. ಮದ್ವಿ ಮಾಡ್ಸ್ತೀಯೇನೆ ತಂಗಿ ಅದ್ಕೆ?"

ಮುಂದಿನ ಅಮಾವಾಸ್ಯೆಗೆ ತೆಗೆದಾಗ ಏಳು ಸತ್ತಿದ್ದವು. ಬಿಸಿಲು, ಹಸಿವು, ಚಿಪ್ಪು ಕೊರೆದ ಕಾಲು, ಎಲ್ಲ ಸೇರಿ ವಸಂತಿ ಕೆಸರಿನಲ್ಲೇ ನಿಂತು ಅತ್ತುಬಿಟ್ಟಳು.

"ಸತ್ರೆ ನಿನ್ ಮಾಸ್ತರು ಬೈತಾರಾ?" ಬಂಗಾರಿ ಕೇಳಿದಳು.

ಎಷ್ಟು ಸತ್ತವೆಂದು ತಿಳಿಯುವುದೇ ತನ್ನ ಕೆಲಸವೆಂದು ವಸಂತಿ ಹೇಳಬಹುದಿತ್ತು. ಅಷ್ಟೆಲ್ಲ ವಿವರಿಸಲು ಬೇಜಾರಾಗಿ "ಹೂಂ" ಎಂದಳು. ಸತ್ತ ಏಳರ ಜಾಗಕ್ಕೆ ಹೊಸ ಏಳನ್ನು ಚುಕ್ಕಿಯಿಟ್ಟು ಹೂತು, ಬಣ್ಣದ ಡಬ್ಬಿಯನ್ನು ಬಂಗಾರಿಯ ಮನೆಯಲ್ಲಿಟ್ಟು ಬಸ್ಸು ಹಿಡಿದಳು.

*

ಹೆಣ ಮೀಯಿಸಿ ಆಯಿತು. ಸತ್ತವರು ದಿನಾ ಬಳಸಿದ್ದನ್ನೆಲ್ಲ ಅವರ ಜೊತೆಗೇ ಕಳಿಸುವುದು ಆ ಕೇರಿಯ ಪದ್ಧತಿ. ಮಗಳು ಗಣಪಿ ಒಳಗಿನಿಂದ ಅವ್ವನ ಬುಟ್ಟಿ, ಕತ್ತಿ, ಎಲೆಯಡಿಕೆಯ ಚೀಲ ತಂದಳು. ಕೊನೆಗೆ ಒಂದು ತೆಂಗಿನ ನಾರಿನ ಹಗ್ಗ ತಂದು ಎಲ್ಲದರ ಮೇಲೆ ಎಸೆದಳು. ಹಗ್ಗದ ಉದ್ದಕ್ಕೂ ಹಳೇ ಸೀರೆಯ ಚೂರಿನ ಗಂಟುಗಳಿದ್ದವು.

"ಎಂತದೇ ಅದು?" ಎಂದ ಜಟ್ಟಿ. ಅವನು ಬಂಗಾರಿಯ ತಮ್ಮ.

"ಅವ್ಳನ್ನೇ ಕೇಳು ಮಾವ!" ಗಣಪಿ ವಸಂತಿಯ ಕಡೆ ಕೈ ತೋರಿಸಿದಳು. "ಇವ್ಳ ಬಳಚು ಸತ್ರೆ ಮಾಸ್ತರು ಬೈತಾರಂತೆ. ಇವ್ಳು ಬರೂ ಮುಂಚಿನ ದಿನ ಅವ್ವ ಹೊಳೆಗಿಳಿದು, ಸತ್ತದ್ದು ತೆಗ್ದು, ಅಷ್ಟೇ ದೊಡ್ಡ ಬೇರೆದು ಹುಡ್ಕಿ, ಬಣ್ಣ ಹಚ್ಚಿ ಹಾಕ್ತಿತ್ತು. ಆಷಾಢದಾಗೆ ಸೊಂಟದ ಮಟ ನೀರು. ನಾ ಬೇಡ ಅಂದ್ರೆ ನಂಗೇ ಬೈತು. ಸತ್ತದ್ದು ಹೊಳೇಲಿ ಬಿಟ್ರೆ ಇವ್ಳ ಕಣ್ಣಿಗೆ ಬೀಳ್ತದೆ ಅಂತ ಗಂಟು ಕಟ್ಟಿ ಅಟ್ಟಕ್ಕೆ ಹಾಕ್ತಿತ್ತು."

ವಸಂತಿ ಎದ್ದು ಹಗ್ಗದ ಬಳಿ ಬಂದಳು.

"ತಿಂಗಳಿಗೊಂದು ಗಂಟಾ?" ಎಂದು ಕೇಳಿದಳು.

"ಹೂಂ. ಮೊದ್ಲಿಂದು ಈ ತುದಿಗೆ. ಹನ್ನೊಂದದೆ."

"ಗಣಪಿ, ಒಂದ್ಸಲ ಬಿಚ್ಚಿ ಎಣಿಸ್ಲಾ? ಮತ್ತೆ ಹಾಂಗೇ ಕಟ್ಟಿ ಕೊಡ್ತೆ."

"ನನ್ನ ಅವ್ವ ಇಲ್ಲಿ ಮಲಗದೆ, ನಿಂಗೆ ಲೆಕ್ಕ!"

"ಸತ್ರೆ ಬೈತಾರೆ ಅಂದದ್ದು ಸುಳ್ಳು," ಎಂದಳು ವಸಂತಿ. "ಎಷ್ಟು ಸತ್ತವು ಅಂತ ಬರಿಯುದೇ ನನ್ನ ಕೆಲ್ಸ. ಅವತ್ತು ಹೇಳ್ಲಿಲ್ಲ. ತಪ್ಪು ನಂದು."

ಗಣಪಿ ಕೈಯೆತ್ತಿದಳು. ಹೊಡೆದೇಬಿಡುತ್ತಾಳೆಂದು ಸೋಮಿ ಎದ್ದು ನಿಂತಳು. ಆ ಕೈ ಹಾಗೇ ಇಳಿದು ಹಗ್ಗವನ್ನು ಎತ್ತಿಕೊಂಡಿತು.

"ಬರ್ಕೋ," ಎಂದಳು ಗಣಪಿ. "ಅವ್ವ ಪಟ್ಟ ಕಷ್ಟ ಒಂದೂ ಬಿಡ್ಬೇಡ."

ಜಟ್ಟಿ ಚಟ್ಟದ ಪಕ್ಕದಲ್ಲೇ ಬೀಡಿ ಹಚ್ಚಿ ಕೂತ. ಗಣಪಿ ಬಿಚ್ಚಿದಳು, ಸೋಮಿ ಗಟ್ಟಿಯಾಗಿ ಎಣಿಸಿದಳು, ವಸಂತಿ ಬರೆದಳು. ಪುಷ್ಯದ್ದು ನಾಲ್ಕು. ಮಾಘದ್ದು ಆರು. ಫಾಲ್ಗುಣದ್ದು ಮೂರು. ಏಳನೆಯ ಗಂಟು ಮಾತ್ರ ತೆಂಗಿನಕಾಯಿಯಷ್ಟು ದಪ್ಪವಿತ್ತು. ಆಷಾಢದ್ದು. ಘಟ್ಟದ ಸಿಹಿನೀರು ಬಳಚಿಗೆ ಬೇಕಾದ ಉಪ್ಪುನೀರನ್ನು ಹೊರಗೆ ತಳ್ಳಿದ ತಿಂಗಳು.

"ತೊಂಬತ್ತಮೂರು," ಎಂದಳು ಸೋಮಿ. ಮೆಲ್ಲಗೆ ಹೇಳಿದಳು.

ಜಟ್ಟಿಯ ಬೀಡಿ ಕೈಯಲ್ಲೇ ಆರಿತ್ತು. "ಒಂದೇ ದಿನಕ್ಕೆ ಅಷ್ಟು ಹುಡ್ಕಿ ಹಾಕಿತಾ ನಮ್ಮಕ್ಕ? ಆ ನೀರಾಗೆ?"

"ಎಲ್ಡು ದಿನ," ಎಂದಳು ಗಣಪಿ.

ಹನ್ನೊಂದೂ ಮುಗಿದ ಮೇಲೆ ವಸಂತಿ ಒಂದೊಂದಾಗಿ ಮತ್ತೆ ಗಂಟು ಹಾಕಿದಳು. ಜಟ್ಟಿ ಹಗ್ಗವನ್ನು ಅಕ್ಕನ ಕಾಲ ಬಳಿ ಇಡಲು ಬಗ್ಗಿದಾಗ ಗಣಪಿ ತಡೆದಳು.

"ಬರೀ ಬರದದ್ದು ನಿನ್ ಮಾಸ್ತರು ನಂಬ್ತಾರಾ?"

ವಸಂತಿ ಇಲ್ಲವೆಂದು ತಲೆಯಲ್ಲಾಡಿಸಿದಳು. ಗಣಪಿ ಏಳನೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಹಗ್ಗದಿಂದ ಬಿಡಿಸಿ, ಅವಳ ಮಡಿಲಿಗೆ ಹಾಕಿದಳು. ಉಳಿದ ಹತ್ತು ಚಟ್ಟ ಹತ್ತಿದವು.

ಗಂಡಸರು ಹೆಗಲು ಕೊಟ್ಟು ಗದ್ದೆಯಂಚಿಗೆ ತಿರುಗಿದರು. ಹೆಂಗಸರು ಮೀಯಲು ಬಾವಿಕಟ್ಟೆಗೆ ಹೋದರು. ಖಾಲಿ ಅಂಗಳದಲ್ಲಿ ವಸಂತಿ ಗಂಟು ಬಿಚ್ಚಿ ಒಂದು ಚಿಪ್ಪನ್ನು ಬಿಸಿಲಿಗೆ ಹಿಡಿದಳು. ಅದರ ಚುಕ್ಕಿ ಅವಳ ಕುಂಚದ್ದಲ್ಲ. ಒಣಗಿದ ಕೆಂಪಿನಲ್ಲಿ ಒಂದು ಹೆಬ್ಬೆರಳಿನ ಗೆರೆಗಳು ಸುತ್ತುಸುತ್ತಾಗಿ ಮೂಡಿದ್ದವು.