ತಿಹೋಮಿರನ ಕೆಂಪು ಕಾರ್ಡು

ತಿಹೋಮಿರನಿಗೆ ಬೇಕಾಗಿದ್ದದ್ದು ಒಂದೇ, ತನ್ನ ಕೋಣೆಯ ಕೀಲಿ. ನಲವತ್ತೊಂದು ವರ್ಷದ ಗಂಡಸು, ಬ್ಯೆಲೋವರ್ ಊರಿನ ಆಶ್ರಯಮನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾನೆ. ಅವನು ಅಂಗಿ ಬದಲಿಸುವ ಹೊತ್ತಿಗೇ ನೆಲ ಒರೆಸುವ ಆಂಕಿತ್ಸಾ ಬಕೆಟ್ ಸಮೇತ ಒಳಗೆ ನುಗ್ಗುತ್ತಾಳೆ. ಇವನ ಬುದ್ಧಿ ನಿಧಾನ ಎಂದು ಸರ್ಕಾರಿ ಕಾಗದ ಹೇಳುತ್ತದೆ. ನಾಚಿಕೆ ನಿಧಾನವಲ್ಲ ಎಂಬುದು ಆ ಕಾಗದಕ್ಕೇನು ಗೊತ್ತು!

ಮಂಗಳವಾರಗಳಂದು ಅಲ್ಲಿನವರಿಗೆ ತಮ್ಮ ಪರವಾಗಿ ತಾವೇ ಮಾತಾಡುವ ತರಬೇತಿ. ಕಲಿಸುವ ವ್ಲಾಸ್ತಾಳಿಗೂ ಅಂಥದ್ದೇ ಕಾಗದವಿದೆ.

"ಯಾರಾದ್ರೂ ಅರ್ಥ ಆಗ್ದಂಗೆ ಮಾತಾಡಿದ್ರೆ ಈ ಕೆಂಪು ಕಾರ್ಡ್ ಎತ್ತು. ಅವ್ರು ನಿಲ್ಸಿ, ಬಿಡಿಸಿ ಹೇಳ್ಬೇಕು. ಮುಂದಿನ ವಾರ ಶುಕ್ರವಾರ ಕೀಲಿ ಕೇಳೋಕೆ ಮುಂಚೆ ಚೆನ್ನಾಗಿ ಅಭ್ಯಾಸ ಮಾಡ್ಕೋ" ಎಂದಳು.

ಮಾಡಿದ. ಟೀವಿಯ ಹವಾಮಾನದವಳಿಗೆ ಎತ್ತಿದ, ಅವಳು ಕ್ಯಾರೇ ಅನ್ನಲಿಲ್ಲ. ಭಾನುವಾರ ಇಗರ್ಜಿಯಲ್ಲಿ ಪ್ರವಚನದ ನಡುವೆ ಎತ್ತಿದ. ಪಾದ್ರಿಗಳು ನಿಲ್ಲಿಸಿ, ಕೈಯಲ್ಲಿದ್ದ ಹಾಳೆಯನ್ನು ನೋಡಿ, "ಇದು ನನಗೂ ಅಷ್ಟಾಗಿ ಅರ್ಥ ಆಗಿಲ್ಲ ಮಗಾ" ಎಂದು ಅಲ್ಲಿಗೇ ಮುಗಿಸಿದರು. ಊಟಕ್ಕೆ ಬೇಗ ಮನೆಗೆ ಹೊರಟ ಜನ ತಿಹೋಮಿರನ ಬೆನ್ನು ತಟ್ಟಿ ಹೋದರು.

ಶುಕ್ರವಾರ ಬಂತು. ನಿರ್ದೇಶಕಿ ಲ್ಯೇರ್ಕಾ ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಕಚೇರಿಯದು.

"ನಿನ್ನ ಮನವಿಯನ್ನು ಸುರಕ್ಷತಾ ನಿಯಮಾವಳಿಯ ಚೌಕಟ್ಟಿನಲ್ಲಿ..."

ಕಾರ್ಡು.

"ಅಂದ್ರೆ, ಅಪಾಯ ಮೌಲ್ಯಮಾಪನದ ದೃಷ್ಟಿಯಿಂದ..."

ಕಾರ್ಡು.

"ಅಯ್ಯೋ, ಮೊದ್ಲು ಈ ಗಸಗಸೆ ರೊಟ್ಟಿ ತಿನ್ನು."

ಕಾರ್ಡು ಅರ್ಧಕ್ಕೆ ಎದ್ದು ನಿಂತಿತು. "ಇದು ಅರ್ಥ ಆಯ್ತು ಮೇಡಮ್" ಎಂದು ರೊಟ್ಟಿ ತೆಗೆದುಕೊಂಡ.

ಲ್ಯೇರ್ಕಾ ಕೊನೆಗೆ ಸೋತಳು. "ನೀನು ಕೀಲಿ ಕಳ್ಕೋತೀಯ ಅಂತ ನಂಗೆ ಭಯ ಕಣೋ."

ತಿಹೋಮಿರ ನಿಧಾನವಾಗಿ ಅಗಿದು ನುಂಗಿದ. "ಹೋದ ತಿಂಗಳು ಈ ಆಫೀಸಿನ ಕೀಲಿ ಕಳ್ಕೊಂಡಿದ್ದು ಯಾರು ಮೇಡಮ್?"

"ನಾನು."

"ಕಿಟಕಿ ಹತ್ತಿ ಒಳಗಿಂದ ಬಾಗ್ಲು ತೆಗ್ದಿದ್ದು?"

"ನೀನು."

"ಈಸ್ಟರ್ ಹಿಂದಿನ ದಿನಾನೂ ಕಳ್ಕೊಂಡಿದ್ದು?"

ಲ್ಯೇರ್ಕಾ ಅವನ ಕೈಯಿಂದ ಕಾರ್ಡು ಕಿತ್ತುಕೊಂಡು ತಾನೇ ಎತ್ತಿದಳು.

"ಅರ್ಥ ಆಗ್ಲಿಲ್ವಾ?"

"ಆಯ್ತಪ್ಪಾ. ಚೆನ್ನಾಗಿ ಆಯ್ತು." ಕಾರ್ಡು ವಾಪಸ್ ಕೊಟ್ಟಳು. ಅಂದು ಸಂಜೆಯೇ ಕೀಲಿಯೂ ಅವನ ಜೇಬು ಸೇರಿತು.

ಮರುದಿನ ಬೆಳಗ್ಗೆ ಆಂಕಿತ್ಸಾ ಎಂದಿನಂತೆ ನುಗ್ಗಲು ಹೋಗಿ ಬಾಗಿಲಿಗೆ ಹಣೆ ಚಚ್ಚಿಕೊಂಡಳು. ಆಮೇಲೆ ಬಾಗಿಲು ತಟ್ಟಿದಳು. ತಿಹೋಮಿರ ಒಳಗಿನಿಂದಲೇ ಕಾರ್ಡು ಎತ್ತಿದ. ಮುಚ್ಚಿದ ಬಾಗಿಲಾಚೆಗೆ ಅದು ಯಾರಿಗೆ ಕಾಣಬೇಕು! ಗಂಟಲು ಸರಿಮಾಡಿಕೊಂಡ.

"ಅಂಗಿ ಹಾಕ್ಕೋತಿದೀನಿ. ನಿಂತ್ಕೊಳ್ಳಿ."

"ಆಯ್ತು, ನಿಂತಿದೀನಿ."

ಅಂಗಿ ಆಗಲೇ ಹಾಕಿಕೊಂಡಾಗಿತ್ತು. ಅವನು ಮಂಚದ ಮೇಲೆ ಕೂತು, ಹೊರಗೊಬ್ಬರು ತನಗಾಗಿ ಕಾಯುತ್ತಿರುವ ಸದ್ದನ್ನು ಸ್ವಲ್ಪ ಹೊತ್ತು ಕೇಳಿದ.