ಎಲ್ಲದಕ್ಕೂ ಐದು

ಕಡರನಾಯಕನಹಳ್ಳಿಯ ಕಮಲಕ್ಕ ನನ್ನ ಹತ್ತು ಪ್ರಶ್ನೆಗೂ ಐದೇ ಕೊಟ್ಟಳು.

ಹರಿಹರದ ಒಂದು ಕಣ್ಣಾಸ್ಪತ್ರೆಯವರು ರೋಗಿಗಳು ಡಾಕ್ಟರ ಚೀಟಿ ತೆಗೆಯಲು ಆ್ಯಪ್ ಮಾಡಿಸಿದ್ದರು. ಅದು ಜನಕ್ಕೆ ಸಲೀಸೋ ಅಲ್ಲವೋ ಅಳೆಯುವುದು ನನ್ನ ಕೆಲಸ. ನಾನು ನನ್ನ ಫೋನಿನಲ್ಲಿ ಆ್ಯಪ್ ತೋರಿಸಿ ಒಂದೊಂದೇ ವಾಕ್ಯ ಓದಬೇಕು. ಪೂರ್ತಿ ಒಪ್ಪಿದರೆ ಐದು, ಒಪ್ಪದೇ ಹೋದರೆ ಒಂದು. ಕೊನೆಗೆ ನೂರಕ್ಕೆ ಎಪ್ಪತ್ತು ದಾಟಿದರೆ ಆಸ್ಪತ್ರೆಯವರು ಚೀಟಿ ಕೊಡುವ ಕಿಟಕಿಯನ್ನು ಮುಚ್ಚುತ್ತಾರೆ.

"ಈ ಆ್ಯಪ್ ಬಳಸುವುದು ಸುಲಭ," ಎಂದು ಓದಿದೆ.

"ಐದು ಹಾಕ್ಕ ತಂಗಿ."

"ಇದನ್ನು ಬಳಸಲು ನನಗೆ ಇನ್ನೊಬ್ಬರ ಸಹಾಯ ಬೇಕು."

"ಅದಕ್ಕೂ ಐದು."

"ಅಕ್ಕಾ, ಎರಡೂ ಹೆಂಗೆ ಆಗತ್ತೆ?"

"ಆಗ್ಲಿ ಬಿಡು. ಬಿಸ್ಲಾಗ ಬಂದೀಯ, ಮೊದ್ಲು ಮಂಡಕ್ಕಿ ತಿನ್ನು."

ಪಕ್ಕದ ಮನೆಯ ಗಿರಿಯಮ್ಮ ತನ್ನ ಕಟ್ಟೆಯಿಂದಲೇ ಕೂಗಿದಳು. "ನಂದೂ ಐದೇ ಬರ್ಕ! ಕಡಿಮಿ ಕೊಟ್ರೆ ಗಿರಿಯಮ್ಮ ಜಿಪುಣಿ ಅಂತ ಈ ಕಮಲಿ ಊರೆಲ್ಲ ಸಾರ್ತಾಳೆ."

ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕು ಬರೆದುಕೊಂಡೆ. ಆ ದಿನ ಕೇಳಿದ ಮನೆಗಳಲ್ಲೆಲ್ಲ ಐದೇ ಸಿಕ್ಕಿತು.

ಮರುದಿನ ಬೆಳಿಗ್ಗೆ ದಾವಣಗೆರೆಯ ಕೆ.ಬಿ. ಬಡಾವಣೆಯ ಆಫೀಸಿನಲ್ಲಿ ಅಂಕ ಕೂಡಿಸಿದೆ. ಐದು ವಾಕ್ಯ ಆ್ಯಪನ್ನು ಹೊಗಳುತ್ತವೆ, ಐದು ತೆಗಳುತ್ತವೆ. ಹೊಗಳಿಕೆಗೆ ಕೊಟ್ಟ ಐದಕ್ಕೆ ಪೂರ್ತಿ ಅಂಕ, ಒಂದಕ್ಕೆ ಸೊನ್ನೆ; ತೆಗಳಿಕೆಗೆ ಅದನ್ನು ತಿರುಗಿಸಿ ಐದಕ್ಕೆ ಸೊನ್ನೆ, ಒಂದಕ್ಕೆ ಪೂರ್ತಿ ಮಾಡಬೇಕು. ಹಾಗಾಗಿ ಎಲ್ಲದಕ್ಕೂ ಐದು ಕೊಟ್ಟವರ ಅಂಕ ಸರಿಯಾಗಿ ಐವತ್ತು. ಪರದೆಯ ತುಂಬ ಐವತ್ತು, ಐವತ್ತು, ಐವತ್ತು.

ಅಜ್ಜಿ ಕತೆ ಹೇಳುವಾಗ ನಾವು ಹ್ಞೂಂ ಅನ್ನುತ್ತಲೇ ಇರಬೇಕಿತ್ತು. ನಿಲ್ಲಿಸಿದರೆ ಕತೆಯೂ ನಿಂತುಬಿಡುತ್ತಿತ್ತು. ರಾಜಕುಮಾರಿ ಕಲ್ಲಾದಳು ಅಂದರೂ ಹ್ಞೂಂ, ಕಲ್ಲು ಹೂ ಬಿಟ್ಟಿತು ಅಂದರೂ ಹ್ಞೂಂ. ಒಪ್ಪಿಗೆ ಅಂತಲ್ಲ, ಕೂತಿದ್ದೇವೆ ಹೇಳು ಅಂತ. ಈ ಐದುಗಳೂ ನನಗೆ ಹಾಗೇ ಕಂಡವು.

ಆಫೀಸಿನ ಯಜಮಾನ ಬಸವಕಿರಣ್ ಹಿಂದೆ ಬಂದು ನಿಂತರು. "ಅವ್ರಿಗೆ ನೆಗೆಟಿವ್ ಪ್ರಶ್ನೆ ತಿಳಿದಿಲ್ಲ ರೂಪಶ್ರೀ. ತಿರುಗಿಸ್ಬ್ಯಾಡ. ಐದು ಅಂದ್ರೆ ಐದೇ. ನೂರು ಬರ್ತೈತೆ, ಆಸ್ಪತ್ರೆಯವ್ರೂ ಖುಷ್."

"ಸಾರ್, ಅವ್ರು ಐದು ಕೊಟ್ಟಿದ್ದು ಆ್ಯಪಿಗಲ್ಲ, ನನಗೆ."

"ನಿನಗಾ? ಹೆಣ್ಣು ನೋಡೋ ಶಾಸ್ತ್ರ ಮಾಡಿದ್ರೇನು? ಸಂಜೆಗೆ ಕಳಿಸು."

ಸಿಟ್ಟು ಬರಲಿಲ್ಲ. ಬರಬೇಕಿತ್ತು ಅನ್ನಿಸಿತು, ಅಷ್ಟೇ.

ಊಟದ ಹೊತ್ತಿಗೆ ಬಸ್ಸು ಹತ್ತಿ ಹರಿಹರದ ಆಸ್ಪತ್ರೆಗೆ ಹೋದೆ. ಹಿಂದಿನ ದಿನವೇ ಹೇಳಿದ್ದಂತೆ ಕಮಲಕ್ಕ ಅಂದು ಕಣ್ಣು ತೋರಿಸಲು ಬಂದು ಕಿಟಕಿಯ ಮುಂದೆ ಸಾಲಿನಲ್ಲಿದ್ದಳು. ನನ್ನ ಫೋನು ಅವಳ ಕೈಗಿಟ್ಟು, ನೀವೇ ಒಂದು ಚೀಟಿ ತೆಗೆಯಿರಿ ಅಂದೆ. ಮೂಗಿನ ತನಕ ತಂದಳು, ದೂರ ಹಿಡಿದಳು, ಸೆರಗಿನಿಂದ ಒರೆಸಿದಳು.

"ಏನೂ ಕಾಣಂಗಿಲ್ಲ ತಂಗಿ."

"ಮತ್ತೆ ಐದು ಯಾಕ ಕೊಟ್ರಿ? ಎಪ್ಪತ್ತು ದಾಟಿದ್ರೆ ಈ ಕಿಟಕಿ ಮುಚ್ತಾರೆ."

ಅವಳು ಫೋನು ಹಿಂದಕ್ಕೆ ಕೊಟ್ಟಳು. "ಅಂಥಾ ಮಾತನ್ನ ನೀ ಯಾಕ ನಗ್ತಾ ಕೇಳ್ದೆ?"

ಸಾಲು ಮುಂದೆ ಸರಿಯಿತು.

"ಕಡಿಮಿ ಕೊಟ್ರೆ ನಿನ್ನ ಬೈತಾರೇನೋ ಅಂತ ಮಾಡಿದ್ದೆ. ಈಗ ಒಂದು ಹಾಕು. ಎಲ್ಲಾದಕ್ಕೂ ಒಂದು."

ಎಲ್ಲದಕ್ಕೂ ಒಂದು ಹಾಕಿದರೂ ಬರುವುದು ಐವತ್ತೇ. ಅದನ್ನು ಅವಳಿಗೆ ಹೇಳಲಿಲ್ಲ. ಕಿಟಕಿಯ ವಿಷಯ ತಿಳಿಸಿದ ಮೇಲೆ ಪಡೆದ ಉತ್ತರ ಲೆಕ್ಕಕ್ಕೂ ಬರುವುದಿಲ್ಲ.

ಆಫೀಸಿಗೆ ಮರಳಿ, ತಿರುಗಿಸಬೇಕಾದ್ದನ್ನು ತಿರುಗಿಸಿಯೇ ಇಟ್ಟೆ. ಕೆಳಗೆ ಬರೆದೆ: 'ಈ ಐವತ್ತು ಆ್ಯಪಿನ ಅಂಕವಲ್ಲ. ಜನ ಮನೆಗೆ ಬಂದವಳ ಮುಖ ನೋಡಿ ಉತ್ತರಿಸಿದ್ದಾರೆ. ಫೋನನ್ನು ಅವರ ಕೈಗೇ ಕೊಟ್ಟು ನೋಡುವ ತನಕ ಕಿಟಕಿ ಮುಚ್ಚಬೇಡಿ.' ಆಸ್ಪತ್ರೆಗೆ ಕಳಿಸಿದೆ.

"ಎಷ್ಟಂತ ಹೋಯ್ತು?" ಬಸವಕಿರಣ್ ಕೇಳಿದರು.

"ಐವತ್ತು."

"ನಾಳೆ ಆವರಗೆರೆ ಸರ್ವೆಗೆ ವಾಣಿಶ್ರೀ ಹೋಗ್ಲಿ. ನೀ ಇನ್ನು ಬರಬ್ಯಾಡ."

ಪಕ್ಕದ ಕುರ್ಚಿಯಲ್ಲಿದ್ದ ವಾಣಿಶ್ರೀ ತಲೆಯೆತ್ತಿದಳು.

"ಮೊದ್ಲು ಫೋನು ಅವ್ರ ಕೈಗೆ ಕೊಡು. ಕೇಳೋದು ಆಮೇಲೆ," ಎಂದು ಅವಳಿಗೆ ಹೇಳಿ ನನ್ನ ಬ್ಯಾಗು ತೆಗೆದುಕೊಂಡೆ.